ತೀರಿದ ಸಾಲಕ್ಕೆ ಮತ್ತೆ ಬಾಗಿಲು ಬಡಿದಾಗ

ಹೊಸಪೇಟೆಯ ಮಸೀದಿಯೊಂದರಲ್ಲಿ ಜುಮಾ ನಮಾಝ್ ಮುಗಿದು ಜನರೆಲ್ಲ ಚಪ್ಪಲಿ ಹುಡುಕುತ್ತಿದ್ದ ಹೊತ್ತು. ಐವತ್ತು ದಾಟಿದ ಸಹೋದರರೊಬ್ಬರು ಬಂದು ನಮ್ಮ ಪಕ್ಕದಲ್ಲಿ ಕುಳಿತರು. "ಹಜರತ್, ಒಂದು ಮಸ್‌ಅಲಾ ಕೇಳುವುದಿತ್ತು" ಎಂದು ಮೊಬೈಲ್ ತೆಗೆದು ತೋರಿಸಿದರು. ಒಂದೇ ವಾರದಲ್ಲಿ ನಲವತ್ತಕ್ಕೂ ಮಿಕ್ಕಿ ಕರೆಗಳು. ಕೆಲವು ಫಜ್ರ್ ನಮಾಝಿನ ಬೆನ್ನಲ್ಲೇ, ಕೆಲವು ರಾತ್ರಿ ಹತ್ತರ ನಂತರ. ಒಂದು ಕರೆಯಂತೂ ಅವರ ಮಗಳ ಅತ್ತೆಯ ಮನೆಗೇ ಹೋಗಿತ್ತು.

ಅವರ ಕಥೆ ಈ ಭಾಗದಲ್ಲಿ ಅನೇಕರ ಕಥೆ. ಸಂಡೂರಿನ ಗಣಿಗಳು ಭರಾಟೆಯಲ್ಲಿದ್ದ ಕಾಲದಲ್ಲಿ ಫೈನಾನ್ಸ್ ಕಂಪನಿಯೊಂದರಿಂದ ಸಾಲ ಪಡೆದು ಒಂದು ಲಾರಿ ಕೊಂಡಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ತಪ್ಪು ಮಾಡಿದವರ ಜೊತೆಗೆ ಲಾರಿಯ ಕಂತನ್ನೇ ನಂಬಿದ್ದ ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿಯವರೂ ಬೀದಿಗೆ ಬಿದ್ದರು. ಅದಿರು ಸಾಗಿಸುತ್ತಿದ್ದ ಲಾರಿಗಳು ಸಾಲುಸಾಲಾಗಿ ನಿಂತವು. ಕಂತುಗಳು ನಿಲ್ಲಲಿಲ್ಲ. ಈ ಸಹೋದರರು ಎರಡೂವರೆ ವರ್ಷ ಹೆಣಗಾಡಿ, ಕೊನೆಗೆ 2014ರಲ್ಲಿ ಇದ್ದೊಂದು ನಿವೇಶನವನ್ನು ಮಾರಿ, ಕಂಪನಿಯೊಂದಿಗೆ ಮಾತಾಡಿ, ಒಪ್ಪಿದ ಮೊತ್ತವನ್ನು ಒಂದೇ ಸಲಕ್ಕೆ ಕಟ್ಟಿದರು. ಉಳಿದುದನ್ನು ಕಂಪನಿ ಬಿಟ್ಟುಕೊಟ್ಟಿತು. ಲೆಕ್ಕ ಮುಗಿಯಿತು.

ಈಗ ಬೇರೊಂದು ಹೆಸರಿನ ಕಂಪನಿಯಿಂದ ಕರೆ. ನಿಮ್ಮ ಖಾತೆ ನಮ್ಮ ಕೈಗೆ ಬಂದಿದೆ, ಬಡ್ಡಿ ಸೇರಿ ಮೂರು ಲಕ್ಷ ನಲವತ್ತು ಸಾವಿರ ಬಾಕಿ, ಇಂದು ಸಂಜೆಯೊಳಗೆ ಕಟ್ಟದಿದ್ದರೆ ಮನೆಗೆ ಜನ ಬರುತ್ತಾರೆ ಎಂಬ ಮಾತು. ಅವರ ಮಡದಿ ಬಳೆಗಳನ್ನು ಕೈಯಿಂದ ತೆಗೆದು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದಾರಂತೆ.

"ಕೊಟ್ಟದ್ದು ನನಗೆ ನೆನಪಿದೆ ಹಜರತ್. ಆದರೂ ಮತ್ತೊಮ್ಮೆ ಕೊಟ್ಟುಬಿಟ್ಟರೆ ಕಬರಿನಲ್ಲಾದರೂ ನಿಶ್ಚಿಂತೆ ಅಲ್ಲವೇ?"

ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ಋಣದ ಭಾರದ ಕುರಿತು ಮಿಂಬರಿನಿಂದ ನಾವೇ ಎಷ್ಟೋ ಸಲ ಹೇಳಿದ್ದೇವೆ. ಕೆಲವೇ ದೀನಾರ್ ಸಾಲ ಉಳಿಸಿ ತೀರಿಕೊಂಡವನ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗದೆ ನಿಂತದ್ದು, ಅಬೂ ಖತಾದ(ರ) ಆ ಸಾಲವನ್ನು ತಾವು ವಹಿಸಿಕೊಂಡ ಮೇಲಷ್ಟೇ ನಮಾಝ್ ನೆರವೇರಿಸಿದ್ದು, ಇದನ್ನು ಕೇಳಿ ಬೆಳೆಯದ ಮುಸ್ಲಿಮ್ ಮಗು ಇಲ್ಲ. ಆ ಭಯ ಒಳ್ಳೆಯದು. ಆದರೆ ಅದೇ ಭಯವನ್ನು ಹಿಡಿದು, ತೀರಿಸಿದವನಿಂದಲೇ ಮತ್ತೆ ಕೀಳುವವರು ಇದ್ದಾರೆ. ಸಾಲ ತೀರಿದ್ದರೆ ಏನು ಮಾಡಬೇಕೆಂದು ನಾವು ಮಿಂಬರಿನಿಂದ ಹೇಳಿದ್ದು ಕಡಿಮೆ. ಈ ಬರಹ ಆ ಕೊರತೆಗಾಗಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತೀರಿದ ಸಾಲವನ್ನು ಮರ್ಯಾದೆಗೆ ಅಂಜಿ ಮತ್ತೆ ಕಟ್ಟುವುದು ತಖ್ವಾ ಅಲ್ಲ. ಅದು ಹೆಂಡತಿ ಮಕ್ಕಳ ಹಕ್ಕನ್ನು ಹಕ್ಕಿಲ್ಲದವನ ಕೈಗೆ ಕೊಡುವುದು. ಅನ್ಯಾಯಕ್ಕೆ ನಾವೇ ಮೇವು ಹಾಕುವುದು.

ಸಹೀಹ್ ಬುಖಾರಿಯಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ, ಬನೀ ಇಸ್ರಾಈಲರ ಇಬ್ಬರ ವೃತ್ತಾಂತ ನಮ್ಮ ಓದುಗರಿಗೆ ಗೊತ್ತು. ಒಬ್ಬನು ಸಾವಿರ ದೀನಾರ್ ಸಾಲ ಕೇಳುತ್ತಾನೆ. ಸಾಕ್ಷಿ ಯಾರೆಂದರೆ ಅಲ್ಲಾಹನೇ, ಜಾಮೀನು ಯಾರೆಂದರೆ ಅಲ್ಲಾಹನೇ ಎನ್ನುತ್ತಾನೆ. ಕೊಟ್ಟವನು ಒಪ್ಪಿ ಕೊಡುತ್ತಾನೆ. ಗಡುವು ಬಂದಾಗ ಸಮುದ್ರ ದಾಟಲು ಹಡಗು ಸಿಗುವುದಿಲ್ಲ. ಸಾಲಗಾರನು ಒಂದು ಮರದ ತುಂಡನ್ನು ಕೊರೆದು, ಅದರಲ್ಲಿ ಸಾವಿರ ದೀನಾರನ್ನೂ ಒಂದು ಪತ್ರವನ್ನೂ ಇಟ್ಟು, ಬಾಯಿ ಮುಚ್ಚಿ, ಪ್ರಾರ್ಥಿಸಿ ಸಮುದ್ರಕ್ಕೆ ಬಿಡುತ್ತಾನೆ. ಆಚೆ ದಡದಲ್ಲಿ ಸಾಲ ಕೊಟ್ಟವನು ಸೌದೆಗೆಂದು ಆ ತುಂಡನ್ನು ಮನೆಗೆ ಒಯ್ದು ಸೀಳಿದಾಗ ಹಣವೂ ಪತ್ರವೂ ದೊರೆಯುತ್ತವೆ.

ನಾವು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಸಾಲಗಾರನ ತವಕ್ಕುಲನ್ನು ಹೊಗಳುತ್ತೇವೆ. ಮುಂದಿನ ಭಾಗವನ್ನು ನೋಡಿರಿ. ಹಡಗು ಸಿಕ್ಕ ಕೂಡಲೇ ಸಾಲಗಾರನು ಇನ್ನೊಂದು ಸಾವಿರ ದೀನಾರ್ ಹಿಡಿದು ಬಂದು ತಡವಾಯಿತೆಂದು ಕ್ಷಮೆ ಕೇಳುತ್ತಾನೆ. ಎದುರಿಗೆ ಹಣ, ಕೊಡುವವನು ಒಪ್ಪಿಯೇ ಕೊಡುತ್ತಿದ್ದಾನೆ, ಮರದ ತುಂಡು ಎಂದೋ ಒಲೆ ಸೇರಿದೆ, ಮನುಷ್ಯ ಸಾಕ್ಷಿ ಒಬ್ಬನೂ ಇಲ್ಲ. ಆಗ ಸಾಲ ಕೊಟ್ಟವನು, ಏನನ್ನಾದರೂ ಮೊದಲೇ ಕಳುಹಿಸಿದ್ದೆಯಾ ಎಂದು ತಾನೇ ವಿಚಾರಿಸುತ್ತಾನೆ. ಅಲ್ಲಾಹನು ನಿನ್ನ ಪರವಾಗಿ ತಲುಪಿಸಿದ್ದಾನೆಂದು ಹೇಳಿ ಎರಡನೆಯ ಸಾವಿರವನ್ನು ಹಿಂದಿರುಗಿಸಿ ಕಳುಹಿಸುತ್ತಾನೆ. ನಮ್ಮ ಸಹೋದರರಿಗೆ ನಾವು ಮೊದಲು ಹೇಳಿದ್ದು ಇದನ್ನೇ. ಈ ಕಥೆಯಲ್ಲಿ ಎರಡನೆಯ ಸಲದ ಹಣ ಸಾಲಗಾರನ ಮನೆಗೇ ಮರಳಿತು.

"ಆದರೆ ನಾನು ಪೂರ್ತಿ ಕಟ್ಟಲಿಲ್ಲವಲ್ಲ ಹಜರತ್, ಅವರು ಸ್ವಲ್ಪ ಬಿಟ್ಟುಕೊಟ್ಟರಲ್ಲ?" ಎಂದರು. ಅನೇಕರ ಮನಸ್ಸಿನಲ್ಲಿ ಇರುವ ಮುಳ್ಳು ಇದು. ಇದಕ್ಕೂ ಬುಖಾರಿಯಲ್ಲಿಯೇ ನಿದರ್ಶನವಿದೆ. ಕಅಬ್ ಬಿನ್ ಮಾಲಿಕ್(ರ) ಮಸೀದಿಯೊಳಗೆ ಇಬ್ನು ಅಬೀ ಹದ್ರದರಿಂದ(ರ) ಸಾಲ ವಾಪಸು ಕೇಳಿದಾಗ ಇಬ್ಬರ ದನಿಯೂ ಏರಿತು. ಪ್ರವಾದಿವರ್ಯರು(ಸ) ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡುವಂತೆ ಕಅಬರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಕೂಡಲೇ ಇನ್ನೊಬ್ಬರಿಗೆ ಎದ್ದು ಉಳಿದರ್ಧವನ್ನು ತೀರಿಸಲು ಹೇಳಿದರು. ಬ್ಯಾಂಕಿನವರು ಇಂದು ಒನ್ ಟೈಮ್ ಸೆಟ್ಲ್‌ಮೆಂಟ್ ಎನ್ನುವುದು ಇದಲ್ಲದೆ ಇನ್ನೇನು? ಒಮ್ಮೆ ಬಿಟ್ಟುಕೊಟ್ಟ ಹಕ್ಕು ಮತ್ತೆ ಮರಳಿ ಬರುವುದಿಲ್ಲ ಎಂಬುದು ಫಿಕ್‌ಹಿನ ಹೆಸರಾಂತ ನಿಯಮ. ಉಸ್ಮಾನೀ ಸಾಮ್ರಾಜ್ಯದ ಮಜಲ್ಲಾ ಸಂಹಿತೆಯ 51ನೆಯ ಕಲಮು ಅದೇ. ಬಿಟ್ಟುಕೊಟ್ಟ ಭಾಗವನ್ನು ಹತ್ತು ವರ್ಷದ ನಂತರ ಬಡ್ಡಿ ಸೇರಿಸಿ ಕೇಳುವುದಕ್ಕೆ ಶರೀಅತ್ತಿನಲ್ಲಿ ಸ್ಥಾನವಿಲ್ಲ.

ಇಷ್ಟಾದರೂ ಒಂದು ಕಹಿ ಸತ್ಯವನ್ನು ಹೇಳಲೇಬೇಕು. ಸಾಲ ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ ಎನ್ನುವವನು ಕಾಝಿಯ ಮುಂದೆ ಪ್ರತಿವಾದಿಯಾಗಿ ಉಳಿಯುವುದಿಲ್ಲ. ತೀರಿಸಿದೆನೆಂಬುದನ್ನು ಸಾಬೀತು ಮಾಡುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಇಂದಿನ ನ್ಯಾಯಾಲಯದಲ್ಲಿಯೂ ಹೀಗೆಯೇ. ನಮ್ಮವರು ಸೋಲುವುದು ಇಲ್ಲಿ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ, ಇಡೀ ಕುರ್‌ಆನಿನಲ್ಲಿಯೇ ಅತಿ ದೀರ್ಘವಾದದ್ದು, ಸಾಲದ ಬರವಣಿಗೆಯ ಕುರಿತಾದುದು; ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬೇಡಿರೆಂದೂ ಅದು ಎಚ್ಚರಿಸುತ್ತದೆ. ಸಾಲ ಪಡೆಯುವಾಗ ಕಂಪನಿಯವರು ಇಪ್ಪತ್ತು ಕಡೆ ರುಜು ಹಾಕಿಸಿಕೊಳ್ಳುತ್ತಾರೆ. ತೀರಿಸುವಾಗ ನಾವು ಒಂದು ರುಜುವನ್ನೂ ಕೇಳುವುದಿಲ್ಲ. "ಆಯಿತಲ್ಲ ಭಾಯಿ, ಹೋಗಿ ಬನ್ನಿ" ಎಂದರೆ ಸಲಾಮ್ ಹೇಳಿ ಹೊರಟುಬಿಡುತ್ತೇವೆ. ರಸೀದಿ ಕೇಳಿದರೆ ಅಪನಂಬಿಕೆ ತೋರಿದಂತಾಗುತ್ತದೆ ಎಂಬ ಸಂಕೋಚ ಬೇರೆ. ಆ ಮರದ ತುಂಡಿನೊಳಗೆ, ಅಲ್ಲಾಹನನ್ನೇ ಸಾಕ್ಷಿಯಾಗಿಟ್ಟವನು ಹಣದ ಜೊತೆ ಪತ್ರವನ್ನೂ ಇಟ್ಟಿದ್ದನೆಂಬುದನ್ನು ಮರೆಯಬಾರದು.

ಅರಬಿಯಲ್ಲಿ ಬರಾಅತ್ ಎಂಬ ಪದಕ್ಕೆ ಋಣದಿಂದ ಬಿಡುಗಡೆ ಎಂಬ ಅರ್ಥವೂ, ಅದನ್ನು ತೋರಿಸುವ ಚೀಟಿ ಎಂಬ ಅರ್ಥವೂ ಇದೆ. ಇಸ್ಲಾಮಿನ ಆರಂಭದ ಶತಮಾನಗಳಲ್ಲಿ ಈಜಿಪ್ಟಿನ ರೈತರಿಗೆ ಕಂದಾಯ ಕಟ್ಟಿದ್ದಕ್ಕೆ ಪಪೈರಸ್ ಮೇಲೆ ಬರೆದುಕೊಟ್ಟ ಬರಾಅತ್‌ಗಳು ಇಂದಿಗೂ ಉಳಿದಿವೆ. ನಮ್ಮ ಮನೆಗಳಲ್ಲಿ ಶಬೇ ಬರಾಅತ್ ಎಂದಾಗ ಬರುವುದೂ ಅದೇ ಪದ. ಕನ್ನಡದ ವ್ಯವಹಾರದ ಮಾತುಗಳನ್ನು ನೋಡಿದರೂ ಬಾಕಿ, ವಸೂಲಿ, ಜಾಮೀನು, ಕರಾರು, ರಸೀದಿ ಇವೆಲ್ಲ ಅರಬಿ ಪಾರಸಿಗಳಿಂದಲೇ ಬಂದವು. ಸಹಕಾರಿ ಸಂಘಗಳು ಕೊಡುವ ಬೇಬಾಕಿ ಪತ್ರವೂ ಹಾಗೆಯೇ. ಮಾತುಗಳೆಲ್ಲ ನಮ್ಮ ಮನೆಯವೇ. ಚೀಟಿ ಮಾತ್ರ ನಮ್ಮ ಪೆಟ್ಟಿಗೆಯಲ್ಲಿಲ್ಲ.

ಸತ್ತ ಸಾಲ ಹೇಗೆ ಎದ್ದು ಕೂರುತ್ತದೆ ಎಂಬುದನ್ನೂ ತಿಳಿದಿರಬೇಕು. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ವಸೂಲಾಗದ ಖಾತೆಗಳನ್ನು ಗಂಟುಕಟ್ಟಿ ಇಂಥವನ್ನೇ ಕೊಳ್ಳುವ ಬೇರೆ ಕಂಪನಿಗಳಿಗೆ ಮಾರುತ್ತವೆ. ಇದು ಕಾನೂನುಬದ್ಧ ವ್ಯವಹಾರವೇ. ಆದರೆ ಶಾಖೆಯಲ್ಲಿ ಒಪ್ಪಂದವಾದದ್ದು ಮುಖ್ಯ ಕಚೇರಿಯ ಲೆಕ್ಕಕ್ಕೆ ಏರದೆ ಉಳಿದಿದ್ದರೆ, ತೀರಿದ ಖಾತೆಯೂ ಗಂಟಿನೊಳಗೆ ಹೋಗಬಹುದು. ಕೊಂಡವರು ವಸೂಲಿಯನ್ನು ಏಜೆನ್ಸಿಗೆ ಕೊಡುತ್ತಾರೆ; ಏಜೆನ್ಸಿಯ ಹುಡುಗನಿಗೆ ವಸೂಲಾದಷ್ಟಕ್ಕೆ ಕಮಿಷನ್. ಅವನ ಕೈಯಲ್ಲಿರುವುದು ಹೆಸರು, ನಂಬರ್, ಮೊತ್ತ ಇಷ್ಟೇ. ಇನ್ನು ಯಾವ ಖಾತೆಯೂ ಇಲ್ಲದೆ, ಎಲ್ಲಿಂದಲೋ ಸಿಕ್ಕ ಹಳೆಯ ಪಟ್ಟಿ ಹಿಡಿದು ಹೆದರಿಸುವ ಶುದ್ಧ ವಂಚಕರೂ ಇದ್ದಾರೆ. ಫೋನಿನಲ್ಲಿ ಇವರನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಫೋನಿನಲ್ಲಿ ವಾದಿಸಲೇಬಾರದು. ಸಾಲದ ಖಾತೆ ಸಂಖ್ಯೆ, ಮೂಲ ಕಂಪನಿ, ಖಾತೆ ವರ್ಗಾವಣೆಯಾದ ಪತ್ರ, ಲೆಕ್ಕದ ಪಟ್ಟಿ ಇಷ್ಟನ್ನು ಬರಹದಲ್ಲಿ ಕಳುಹಿಸಿ ಎಂದು ಹೇಳಿ ಕರೆ ಮುಗಿಸಬೇಕು. ವಂಚಕನಾಗಿದ್ದರೆ ಬಹುಮಟ್ಟಿಗೆ ಅಲ್ಲಿಗೇ ಕರಗುತ್ತಾನೆ. ಹಣವೇ ಕಳೆದುಕೊಂಡಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಅವರ ಒಂದು ಜಾಣ ಮಾತಿಗೆ ವಿಶೇಷವಾಗಿ ಎಚ್ಚರವಿರಲಿ. "ಪೂರ್ತಿ ಬೇಡ ಅಂಕಲ್, ಸದ್ಯಕ್ಕೆ ಒಂದು ಸಾವಿರ ಹಾಕಿ, ಕರೆ ನಿಲ್ಲಿಸುತ್ತೇವೆ." ಆ ಸಾವಿರವೇ ಸಾಲ ಇನ್ನೂ ಇದೆ ಎಂದು ನೀವು ಒಪ್ಪಿದ್ದಕ್ಕೆ ಆಧಾರವಾಗುತ್ತದೆ. 1963ರ ಕಾಲಮಿತಿ ಕಾಯಿದೆಯಂತೆ ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಅವಧಿ. ಆ ಅವಧಿಯೊಳಗೆ ಅಲ್ಪಸ್ವಲ್ಪ ಕಟ್ಟಿದರೂ, ಬಾಕಿ ಇದೆಯೆಂದು ಬರೆದುಕೊಟ್ಟರೂ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು. 3 ವರ್ಷ ಕಳೆಯಿತೆಂದು ನಿಜವಾದ ಸಾಲದಿಂದ ಜಾರಿಕೊಳ್ಳುವುದು ನಮಗೆ ಹೇಳಿದ್ದಲ್ಲ. ಕೋರ್ಟಿನ ಗಡುವು ಅಲ್ಲಾಹನ ಮುಂದಿನ ಗಡುವಲ್ಲ. ನಾವು ಹೇಳುತ್ತಿರುವುದು ತೀರಿಸಿದವರ ಬಗ್ಗೆ ಮಾತ್ರ.

ಸಾಲದ ಬಡ್ಡಿಯ ಪ್ರಶ್ನೆಯನ್ನು ಎತ್ತಿ, ಅದಕ್ಕೇ ಹೇಳಿದ್ದು ಬ್ಯಾಂಕಿನ ಸಾಲ ಬೇಡವೆಂದು ಎನ್ನುವವರಿದ್ದಾರೆ. ರಿಬಾ ಹರಾಮ್ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬಾಗಿಲ ಮುಂದೆ ನಾಲ್ಕು ಜನ ನಿಂತು ಕೂಗುತ್ತಿರುವಾಗ ಆ ಪ್ರವಚನ ಮಾಡುವುದು ಮುಳುಗುತ್ತಿರುವವನಿಗೆ ಈಜು ಏಕೆ ಕಲಿಯಲಿಲ್ಲವೆಂದು ಕೇಳಿದಂತೆ.

ಕಂಪ್ಲಿಯ ಕಡೆ ಈ ಸಂಕಟ ಹೆಂಗಸರ ಪಾಲಿಗೆ ಬಂದಿದೆ. ಭತ್ತದ ನಾಟಿಗೆ, ಕಬ್ಬು ಕಡಿಯಲು ಹೋಗುವ ನಮ್ಮ ತಾಯಂದಿರು, ಪಿಂಜಾರ ಕೇರಿಯ ಅಕ್ಕಂದಿರು ಗುಂಪು ಕಟ್ಟಿ ಮೈಕ್ರೋಫೈನಾನ್ಸ್ ಸಾಲ ಪಡೆಯುತ್ತಾರೆ. ವಾರದ ಕಂತನ್ನು ಸಂಘದ ಮುಂದಾಳಿನ ಕೈಗೆ ಕೊಡುತ್ತಾರೆ. ಕೊನೆಯ ಕಂತು ಕೊಟ್ಟ ದಿನ ಸಕ್ಕರೆ ಹಂಚುತ್ತಾರೆ. ಕಾರ್ಡನ್ನು ನೋಡಿದರೆ ಕೊನೆಯ ಪುಟ ಖಾಲಿ! 2022ರ ಮಾರ್ಚ್ 14ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ಪ್ರತಿ ಸಾಲಗಾರಳಿಗೂ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡ್ ಕೊಡಬೇಕು, ಪ್ರತಿ ಕಂತಿನ ಸ್ವೀಕೃತಿಯೂ ಸಾಲ ಪೂರ್ತಿ ಮುಗಿದ ಸ್ವೀಕೃತಿಯೂ ಅದರಲ್ಲಿ ಇರಬೇಕು. ವಸೂಲಿಗೆ ಒಪ್ಪಿದ ಸ್ಥಳವೊಂದಿರಬೇಕು. ಅಲ್ಲಿಗೆ ಎರಡು ಸಲವೋ ಹೆಚ್ಚೋ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಅನುಮತಿ ಇಲ್ಲದೆ, ಸಲಾಮ್ ಹೇಳದೆ ಇನ್ನೊಬ್ಬರ ಮನೆ ಹೊಗಬೇಡಿರೆಂದು ಅನ್ನೂರ್ ಅಧ್ಯಾಯ ಕಲಿಸಿದ ಸಮುದಾಯ ನಾವು. ಗಂಡಸರಿಲ್ಲದ ಹೊತ್ತು ನೋಡಿ ಒಳಗೆ ಬಂದು ಕೂರುವವರನ್ನು ಹೊರಗೆ ನಿಲ್ಲಿ ಎನ್ನಲು ನಮ್ಮ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಜನ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದ ಸುದ್ದಿಗಳು, ಆತ್ಮಹತ್ಯೆಯ ಸುದ್ದಿಗಳು ಬಂದವು. ಸರ್ಕಾರ ಕಳುಹಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚಿನಲ್ಲಿ ಅದು ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಇಂಥ ದೂರನ್ನು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಪರವಾನಗಿ ಇಲ್ಲದೆ ಮೀಟರ್ ಬಡ್ಡಿ ನಡೆಸುವವರ ಮೇಲೆ ಇದು ವಿಶೇಷವಾಗಿ ಬಿಗಿ. ರಿಸರ್ವ್ ಬ್ಯಾಂಕಿನ ಅಧೀನದ ಕಂಪನಿಯಾದರೆ, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದು, ನೆಂಟರಿಷ್ಟರ ಮುಂದೆ ಅವಮಾನಿಸಬಾರದು ಎಂದು 2022ರ ಆಗಸ್ಟಿನ ಸೂಚನೆ ಇದೆ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, 14448 ಅವರ ಸಹಾಯವಾಣಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ, ಕಮಲಾಪುರದವರ ಜಿಲ್ಲಾಧಿಕಾರಿ ಕಚೇರಿ ಹೊಸಪೇಟೆಯಲ್ಲಿದೆ. ಸಂಡೂರು, ಕಂಪ್ಲಿಯವರದು ಇಂದಿಗೂ ಬಳ್ಳಾರಿಯಲ್ಲಿಯೇ. ಕಂಪ್ಲಿಯಿಂದ ಹೊಸಪೇಟೆ ಹತ್ತಿರವೆಂದು ಅರ್ಜಿ ಹಿಡಿದು ಬಂದು, ದಿನಗೂಲಿ ಕಳೆದುಕೊಂಡು ಮರಳಿದವರನ್ನು ಕಂಡು ಇದನ್ನು ಬರೆಯುತ್ತಿದ್ದೇವೆ.

ವಸೂಲಿಯ ಬೈಕಿನ ಮೇಲೆ ಬರುವ ಹುಡುಗರಲ್ಲಿ ನಮ್ಮ ಮೊಹಲ್ಲಾದ ಮಕ್ಕಳೂ ಇದ್ದಾರೆ. ಪಿಯುಸಿ ಮುಗಿಸಿ ಕೆಲಸವಿಲ್ಲದೆ ಸೇರಿದವರು. ಮಗನೇ, ಎದುರಿಗಿರುವವನು ತೀರಿಸಿದ ಕಾಗದ ತೋರಿಸಿದ ಮೇಲೂ ನೀನು ದನಿ ಏರಿಸಿ ಕೇಳಿ ಪಡೆದರೆ, ಆ ಕಮಿಷನ್ ನಿನ್ನ ತಾಯಿಯ ಔಷಧಿಗೂ ಹಲಾಲ್ ಅಲ್ಲ. ಕಾಗದದ ಫೋಟೊ ತೆಗೆದು ಮೇಲಿನವರಿಗೆ ಕಳುಹಿಸು. ಇವರದು ಮುಗಿದಿದೆ ಎಂದು ಬರೆ. ಅಷ್ಟಕ್ಕೆ ನೌಕರಿ ಹೋದರೆ, ಮಸೀದಿ ಕಮಿಟಿಯವರು ನಿನಗೆ ಬೇರೆ ದಾರಿ ಹುಡುಕಿಕೊಡಲಿ. ಇದನ್ನು ನಾವು ಕಮಿಟಿಗಳಿಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಕಂಪನಿಗಳನ್ನಷ್ಟೇ ದೂರಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಮ್ಮೊಳಗೆ ನಡೆಯುವ ಕೈಗಡ, ಚೀಟಿ, ಅಂಗಡಿಯ ಉದ್ರಿಗಳಲ್ಲಿ ಎಷ್ಟು ಜನ ಹಣ ಬಂದ ಮೇಲೆ ಪ್ರೋನೋಟನ್ನು ಮರಳಿಸುತ್ತೇವೆ? ಭದ್ರತೆಗೆಂದು ಪಡೆದ ಖಾಲಿ ಚೆಕ್ ಬೀರುವಿನಲ್ಲಿ ಉಳಿಯುತ್ತದೆ. ವರ್ಷಗಳ ನಂತರ ಬೇರೆ ಯಾವುದೋ ಮನಸ್ತಾಪಕ್ಕೆ ಅದೇ ಚೆಕ್ಕಿನಲ್ಲಿ ಮೊತ್ತ ತುಂಬಿ ಚೆಕ್ ಬೌನ್ಸ್ ಕೇಸು ಹಾಕಿದವರು, ಮೊದಲ ಸಫ್ಫಿನಲ್ಲಿ ನಿಲ್ಲುವವರಲ್ಲಿಯೂ ಇದ್ದಾರೆ. ತಂದೆ ತೀರಿಕೊಂಡ ಮನೆಗೆ ನಲವತ್ತನೆಯ ದಿನವೂ ಕಳೆಯುವ ಮುನ್ನ, ನಿಮ್ಮ ಅಬ್ಬಾ ನನಗೆ ಕೊಡಬೇಕಿತ್ತು ಎಂದು ಬರುವವರೂ ಇದ್ದಾರೆ. ಝುಬೈರ್(ರ) ಹುತಾತ್ಮರಾದಾಗ ಮಗ ಅಬ್ದುಲ್ಲಾ(ರ) ನಾಲ್ಕು ವರ್ಷ ಹಜ್ಜಿನ ಕಾಲದಲ್ಲಿ ಸಾರಿ ಕರೆದು, ಸಾಲ ಬರಬೇಕಾದವರಿಗೆಲ್ಲ ತಂದೆಯ ಆಸ್ತಿಯಿಂದ ತೀರಿಸಿ, ಆಮೇಲೆ ಉಳಿದುದನ್ನು ಹಂಚಿದರು. ಮಕ್ಕಳು ಆಧಾರ ಕೇಳುವುದು ತಂದೆಗೆ ದ್ರೋಹವಲ್ಲ. ಮೃತನ ಸಾಲ ಅವನು ಬಿಟ್ಟುಹೋದ ಆಸ್ತಿಯ ಮೇಲಿನದು. ವಿಧವೆಯ ಮೆಹರಿನ ಬಳೆಯ ಮೇಲಿನದಲ್ಲ. ಶರೀಅತ್ತೂ ದೇಶದ ಕಾನೂನೂ ಇದರಲ್ಲಿ ಒಂದೇ.

ಹಂಪಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾವು ಅಹಮದ್ ಖಾನ್ ಕಟ್ಟಿಸಿದ ಮಸೀದಿಯ ಬಳಿ ತುಸು ಹೊತ್ತು ನಿಲ್ಲುತ್ತೇವೆ. ಎರಡನೆಯ ದೇವರಾಯನ ಕಾಲದಲ್ಲಿ, 1439ರಲ್ಲಿ, ಆ ಅಧಿಕಾರಿ ತಾನು ಕಟ್ಟಿಸಿದ್ದನ್ನು ಕನ್ನಡದಲ್ಲಿಯೇ ಶಾಸನ ಮಾಡಿ ಅದಕ್ಕೆ ಧರ್ಮಸಾಲೆಯೆಂದು ಹೆಸರಿಟ್ಟಿದ್ದಾನೆ. ಆರು ಶತಮಾನದ ಹಿಂದೆ ಕನ್ನಡದಲ್ಲಿ ಬರೆಸಿಡಲು ತಿಳಿದಿದ್ದವರ ಊರಿನವರು ನಾವು. ಇಂದು ಇಂಗ್ಲಿಷಿನ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕಿದೆಯೆಂಬುದೂ ನಮಗೆ ತಿಳಿದಿಲ್ಲ.

ಮತ್ತೆ ಆ ಸಹೋದರರ ವಿಷಯಕ್ಕೆ. ಸೆಟ್ಲ್‌ಮೆಂಟ್ ಪತ್ರ ಎಲ್ಲಿ ಎಂದರೆ, ಮನೆ ಬದಲಿಸುವಾಗ ಹೋಯಿತು ಎಂದರು. ಲಾರಿ ಏನಾಯಿತು ಎಂದು ಕೇಳಿದೆವು. 2015ರಲ್ಲಿ ಕೊಪ್ಪಳದ ಕಡೆಯವರಿಗೆ ಮಾರಿದೆ ಎಂದರು. ಕೊಂಡವರ ಹೆಸರಿಗೆ ಆರ್.ಸಿ. ಆಯಿತೇ? ಆಯಿತು. ಹಾಗಾದರೆ ಎಚ್.ಪಿ. ಕ್ಯಾನ್ಸಲ್ ಆಗಿರಲೇಬೇಕಲ್ಲ! ಸಾಲ ಕೊಟ್ಟ ಕಂಪನಿ ಫಾರಂ 35ಕ್ಕೆ ರುಜು ಹಾಕದೆ ಆರ್.ಟಿ.ಓ. ಕಚೇರಿಯವರು ಅದರ ಹೆಸರನ್ನು ಆರ್.ಸಿ.ಯಿಂದ ತೆಗೆಯುವುದಿಲ್ಲ. ಕಂಪನಿಯೇ ತನ್ನ ಹಕ್ಕು ಮುಗಿಯಿತೆಂದು ಬರೆದುಕೊಟ್ಟ ಕಾಗದ ಸರ್ಕಾರದ ಕಡತದಲ್ಲಿದೆ. ಇವರು ಮನೆಯ ಅಟ್ಟದಲ್ಲಿ ಹುಡುಕುತ್ತಿದ್ದರು. ಮರುದಿನವೇ ಅವರ ಮಗ ಹೊಸಪೇಟೆಯ ಕೆಎ-35 ಕಚೇರಿಗೆ ಹೋಗಿ ದಾಖಲೆಯ ನಕಲಿಗೆ ಅರ್ಜಿ ಹಾಕಿದ. ನಿವೇಶನ ಮಾರಿದ ವಾರದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಶಾಖೆಯಲ್ಲಿ ಕೇಳಿದ್ದಾರೆ. ಮ್ಯಾನೇಜರ್ ಹಳೆಯದು, ನೋಡುತ್ತೇವೆ ಎಂದಿದ್ದಾರೆ.

ನಾವಿಬ್ಬರೂ ಕುಳಿತು ಕನ್ನಡದಲ್ಲಿ ಒಂದೂವರೆ ಪುಟದ ಪತ್ರ ಬರೆದೆವು. ಸಾಲ 2014ರಲ್ಲಿ ತೀರಿದೆ, ಬೇರೆ ಆಧಾರವಿದ್ದರೆ ಕಳುಹಿಸಿರಿ, ಮಗಳ ಮನೆಗೆ ಇನ್ನೊಂದು ಕರೆ ಹೋದರೂ ಠಾಣೆಯಲ್ಲಿ ದೂರು ಕೊಡುತ್ತೇವೆ ಎಂದು. ಮೂಲ ಕಂಪನಿಗೂ ಹೊಸ ಕಂಪನಿಗೂ ಸ್ಪೀಡ್ ಪೋಸ್ಟ್ ಹೋಯಿತು. ಈ ಶುಕ್ರವಾರ ಅವರು ಅಂಚೆಯ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು ತೋರಿಸಿದರು. 30 ದಿನ ತುಂಬಲು ಇನ್ನು 11 ದಿನವಿದೆ. ಕರೆಗಳು ಪೂರ್ತಿ ನಿಂತಿಲ್ಲ, ಆದರೆ ಫಜ್ರಿನ ಹೊತ್ತಿನ ಕರೆ ನಿಂತಿದೆಯಂತೆ. ಬಳೆಗಳು ಮತ್ತೆ ಕೈಗೆ ಬಂದವೇ ಎಂದು ಕೇಳಿದೆವು. "ಅವಳು ಇನ್ನೂ ಗಂಟು ಬಿಚ್ಚಿಲ್ಲ ಹಜರತ್, ಉತ್ತರ ಬರಲಿ ಅಂತಾಳೆ" ಎಂದರು.